ಶಿಗೆಜೊ ಹತ್ತಿದ ಸೂರು

ಮೇ ೪, ಭಾನುವಾರ. ಗೊಕಾಯಾಮಾ.

ನಮ್ಮ ಮನೆ ಸೂರಿನ ಹಳೆ ಹುಲ್ಲು ಕಿತ್ತ ಮೇಲೆ ಮಳೆ ಬಂದರೆ ಏನು ಗತಿ ಎಂಬ ಹೆದರಿಕೆಯಲ್ಲೇ ಬೆಳಗಾಯಿತು. ಹೊಸ ಹುಲ್ಲು ಹೊದಿಸಲು ಊರಿಗೆ ಊರೇ ಬಂತು. ಮೊದಲು ಏಣಿ ಹತ್ತಿದವನು ಪಕ್ಕದ ಮನೆಯ ಶಿಗೆಜೊ. ಗದ್ದೆ ನೀರಿನ ಜಗಳವಾದಾಗಿನಿಂದ ನನ್ನ ಗಂಡನ ಮುಖ ನೋಡದವನು.

ಅತ್ತೆ ಕೆಳಗಿನಿಂದಲೇ ಕೇಳಿದರು, “ಏನೋ ಶಿಗೆಜೊ, ದಾರಿ ತಪ್ಪಿ ಬಂದ್ಯಾ?”

“ಮಾತು ಬಿಟ್ಟಿದ್ದೀನಿ ಅಜ್ಜಿ, ಸೂರು ಬಿಟ್ಟಿಲ್ಲ. ಹಗ್ಗ ಕೊಡಿ.”

ಮಧ್ಯಾಹ್ನ ಅನ್ನದುಂಡೆಯ ಬುಟ್ಟಿ ಹಿಡಿದು ತಲೆಯೆತ್ತಿದೆ. ಆ ಕಡಿದಾದ ಇಳಿಜಾರಿನ ತುಂಬ ಜನವೇ ಜನ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ನಮ್ಮ ಮನೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಹಾಗೇ ನಿಂತುಬಿಟ್ಟೆ.

ಮೊದಲ ಹನಿ ಬೀಳುವ ಹೊತ್ತಿಗೆ ಸೂರು ಮುಚ್ಚಿತ್ತು. ಶಿಗೆಜೊ ಇಳಿದವನೇ ಯಾರಿಗೂ ಹೇಳದೆ ಮನೆಗೆ ಹೋದ.

ಈಗ ಮಳೆ ಜೋರಾಗಿದೆ. ಇವರು ಮದ್ಯದ ಶೀಸೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಕೊಡೆ ಎಲ್ಲಿ ಎಂದು ಕೇಳುತ್ತ...