ಹೈಕೋರ್ಟಿಗೆ ಆಗದ್ದು

ಗುಬ್ಬಿ
೧೨-೧೧-೨೦೦೭

ತಂಗಿ ರಂಗಲಕ್ಷ್ಮಮ್ಮನಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಬಂತು. ನಾಲ್ಕು ಪುಟ ಅತ್ತಿದ್ದೀಯ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಅಷ್ಟು ಅಳು ಓದುವ ತಾಳ್ಮೆ ಇಲ್ಲ.

ಹೈಕೋರ್ಟಿನಲ್ಲಿ ನ್ಯಾಯ ಸಿಗುತ್ತದೆ ಅಂತ ನಿನ್ನ ಗಂಡ ಗಂಗರಾಜು ತುಮಕೂರಿನ ತುಂಬ ಹೇಳಿಕೊಂಡು ತಿರುಗಿದ. ಚೆಕ್ ಬೌನ್ಸಿಗೆ ಮ್ಯಾಜಿಸ್ಟ್ರೇಟರು ಆರು ತಿಂಗಳು ಜೈಲು ಹಾಕಿದ್ದರು, ಜಿಲ್ಲಾ ಕೋರ್ಟು ಅದೇ ಸರಿ ಅಂದಿತ್ತು. ಹೋದ ಮಂಗಳವಾರ ಬೆಂಗಳೂರಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ರುಜು ನೀಲಿ ಶಾಯಿ, ಮೊತ್ತ ಕಪ್ಪು ಶಾಯಿ, ಸಾಲ ಯಾವತ್ತೋ ತೀರಿದೆ ಅಂತ ಅವನ ಲಾಯರು ಗಂಟಲು ಹರಿದುಕೊಂಡ. ಜಡ್ಜು ಸಾಹೇಬರು ಕನ್ನಡಕ ತೆಗೆದಿಟ್ಟು, "ಇದನ್ನೆಲ್ಲ ಕೆಳಗೆ ಎರಡು ಕೋರ್ಟು ನೋಡಿಯಾಗಿದೆ. ಸಾಕ್ಷಿಯನ್ನು ಮತ್ತೆ ತೂಗಿ ನೋಡುವುದು ನಮ್ಮ ಕೆಲಸವಲ್ಲ" ಅಂದರು. ನಾಲ್ಕು ವಾರದಲ್ಲಿ ಶರಣಾಗಬೇಕು, ಅಷ್ಟರೊಳಗೆ ದೂರುದಾರ ರಾಜಿಗೆ ಒಪ್ಪಿದರೆ ಮತ್ತೆ ಇಲ್ಲಿಗೆ ಬರಬಹುದು, ಶಿಕ್ಷೆ ರದ್ದಾಗುತ್ತದೆ ಅಂತಲೂ ಹೇಳಿದರು.

ದೂರುದಾರ ಅಂದರೆ ನಾನು.

ವರಾಂಡದಲ್ಲಿ ನಿನ್ನ ಗಂಡ ನನ್ನ ಕೈ ಹಿಡಿದುಕೊಂಡ. "ಭಾವ, ದುಡ್ಡು ಅಕ್ಕನ ಕೈಗೇ ಕೊಟ್ಟಿದೀನಿ ಕಣ್ರೀ. ಹೆಣ್ಣು ಕೊಟ್ಟ ಮನೇಲಿ ರಸೀದಿ ಕೇಳೋಕಾಯ್ತದಾ, ಚೆಕ್ ವಾಪಸ್ ಕೊಡಿ ಅನ್ನೋಕಾಯ್ತದಾ?" ಅಂದ. ಲೇತ್ ಮಿಷಿನ್ನಿಗೆ ಸಾಲ ಕೇಳಲು ಬಂದ ದಿನ, ಖಾಲಿ ಚೆಕ್ಕಿಗೆ ರುಜು ಹಾಕಿ ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಕೊಟ್ಟ ದೊಡ್ಡ ಮನುಷ್ಯ ಇವನು. ಅವನು ಅಕ್ಕ ಅಂದದ್ದು ನನ್ನ ಹೆಂಡತಿಯನ್ನು. ನಿನ್ನ ಅತ್ತಿಗೆ ಸತ್ತು ಐದು ವರ್ಷವಾಯಿತು, ಸಾಕ್ಷಿ ಹೇಳೋಕೆ ಹೋಗಿ ಕರ್ಕೊಂಡು ಬಾ ಅಂದೆ. ಅಳುತ್ತಾ ಅಲ್ಲೇ ಕೂತ. ಕರಿ ಕೋಟಿನವರು ದಾಟಿಕೊಂಡು ಹೋದರು.

ವಸಂತನರಸಾಪುರದ ಪಕ್ಕದ ಅಪ್ಪನ ಜಮೀನಿನಲ್ಲಿ ಪಾಲು ಬೇಕು ಅಂತ ನೀನು ನನಗೆ ಲಾಯರ್ ನೋಟೀಸು ಕಳಿಸುವ ತನಕ ಆ ಚೆಕ್ಕು ಬೀರುವಿನಲ್ಲಿ ತನ್ನ ಪಾಡಿಗೆ ಬಿದ್ದಿತ್ತು. ನೋಟೀಸು ಬಂದ ಮೇಲೇ ಮೊತ್ತ ಬರೆದು ಬ್ಯಾಂಕಿಗೆ ಹಾಕಿದೆ. ಗುರುವಾರ ಹನ್ನೊಂದಕ್ಕೆ ತುಮಕೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಾ. ಪಾಲು ಬಿಟ್ಟುಕೊಟ್ಟೆ ಅಂತ ಪತ್ರ ಮಾಡಿಕೊಡು. ಶುಕ್ರವಾರ ನಾನು ರಾಜಿ ಅರ್ಜಿಗೆ ರುಜು ಹಾಕುತ್ತೇನೆ. ಮೊದಲು ನೀನು, ಆಮೇಲೆ ನಾನು. ಬರದಿದ್ದರೆ ಜೈಲಿಗೆ ಊಟ ಹೊತ್ತುಕೊಂಡು ಹೋಗು.

ನಿನ್ನ ಒಡಹುಟ್ಟಿದವನು,
ದೊಡ್ಡರಂಗಯ್ಯ

ತಾ.ಕ.: ನಿನ್ನ ಗಂಡ ಸುಳ್ಳು ಹೇಳಿಲ್ಲ. ಅವನು ದುಡ್ಡು ತಂದುಕೊಟ್ಟ ದಿನ ನಾನು ಒಳಮನೆಯಲ್ಲೇ ಇದ್ದೆ, ದುಡ್ಡು ಎಣಿಸಿಕೊಂಡವನು ನಾನೇ. ಚೆಕ್ಕು ಕೊಟ್ಟುಬುಡಿ ಅಂತ ನಿನ್ನ ಅತ್ತಿಗೆ ಸಾಯುವ ತನಕ ಹೇಳಿದಳು. ಈ ಕಾಗದ ತಂದ ಗುಮಾಸ್ತ ಕದರಯ್ಯ ನಿನ್ನ ಬಾಗಿಲಲ್ಲೇ ನಿಂತಿರುತ್ತಾನೆ. ಓದಿ ಮುಗಿಸಿ ಇದನ್ನು ಅವನ ಕೈಗೆ ವಾಪಸ್ ಕೊಡು. ಕೊಡದಿದ್ದರೆ ರಾಜಿ ಇಲ್ಲ.