ಬಿಸಿ ಎಂಜಿನ್ನಿನ ಅಳತೆ

ಮಾರ್ಚ್ 3, ಬೆಳಗ್ಗೆ
ಎಂಜಿನ್ನಿಗೆ ಬಿಸಿನೀರು ಹರಿಯಬಿಟ್ಟು ಬಂದು ಚಹಾ ಕುಡಿಯುತ್ತಿದ್ದೇನೆ. ರೇಸಿನ ಎಂಜಿನ್, ತಣ್ಣಗಿರುವಾಗ ತಿರುಗಿಸಿದರೆ ಒಳಗೆ ಕಚ್ಚಿಕೊಂಡುಬಿಡುತ್ತದೆ, ಅಷ್ಟು ಬಿಗಿ. ಮೊದಲು ಬಿಸಿ, ಆಮೇಲೆ ಕೈ. ಇಪ್ಪತ್ತು ವರ್ಷದ ಅಭ್ಯಾಸ. ನನ್ನ ಈ ಜಾಗ್ರತೆಗೆ ಅಜ್ಜಿ ಎಂದು ಅಡ್ಡಹೆಸರಿಟ್ಟ ಪಕ್ಕದ ಬೆಂಚಿನ ನೆವ್ ಕೂಗಿದ: "ನೋಡ್ರೋ, ಅಜ್ಜಿ ಮೊಮ್ಮಗೂಗೆ ಸ್ನಾನ ಮಾಡಿಸ್ತಾವ್ಳೆ!" ಎಲ್ಲರೂ ನಕ್ಕರು. ನಗಲಿ. ಕೊಳವೆಯ ಕೊಂಡಿ ಸರಿಯಾಗಿ ಕೂತಿದೆಯೇ... ಇನ್ನೊಮ್ಮೆ ನೋಡಿಬರಬೇಕು.

ಮಧ್ಯಾಹ್ನ
ರೇಸ್ ಒಕ್ಕೂಟದ ತಪಾಸಣೆಯವರು ಹೇಳದೆ ಕೇಳದೆ ಬಂದರು. ಡೆಕ್ಕರ್ಸ್ ಎಂಬ ಬೆಲ್ಜಿಯಂನವರು. ನನ್ನ ಎಂಜಿನ್ನಿನತ್ತಲೇ ಬೆರಳು ತೋರಿಸಿದರು. ಇನ್ನೂ ಬಿಸಿ ಇತ್ತು. ಹಾಗೇ ಅಳೆದರು. ನಿಯಮದಂತೆ ಸಿಲಿಂಡರಿನೊಳಗೆ ಗಾಳಿಯನ್ನು ಹದಿನಾರು ಪಟ್ಟಿಗಿಂತ ಹೆಚ್ಚು ಒತ್ತುವಂತಿಲ್ಲ. ಸಿಕ್ಕಿದ್ದು ಹೆಚ್ಚುಕಮ್ಮಿ ಹದಿನೇಳು. ನಾಳೆ ಕಾರಣ ಹೇಳಿ ಎಂದು ಸೀಲು ಹಾಕಿ ಹೋದರು.

ಸಂಜೆ
ಕಾರ್ಖಾನೆಯ ಬಾಸ್ ಗಿಲಿಯನ್ ಹಾಟಿನ್ ಕರೆದರು. ಅವರ ಕೋಣೆಗೆ ಇದೇ ಮೊದಲು ಹೋದದ್ದು. ಕೂರು ಅನ್ನಲಿಲ್ಲ.
"ತಣ್ಣಗಿದ್ದಾಗ ಅಳತೆ ಸರಿಯಾಗೇ ಇರತ್ತೆ ಕ್ಲೈವ್. ಬಿಸಿಯಾದ್ರೆ ಒಳಗಿನ ಒಂದು ಭಾಗ ಹಿಗ್ಗತ್ತೆ. ಬಿಸೀಲಿ ಅಳೀಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ."
"ನಂಗ್ಯಾರೂ ಹೇಳ್ಲೇ ಇಲ್ಲ ಬಾಸ್..."
"ನಿಂಗ್ಯಾಕೆ ಹೇಳ್ಬೇಕು?"
"ಮತ್ತೆ ಎಂಜಿನ್ ಆರೋವರೆಗೂ ಕಾಯಿರಿ ಅಂತ ಡೆಕ್ಕರ್ಸ್‌ಗೆ ಅನ್ನಬಹುದಿತ್ತಲ್ಲ?"
"ಆರಿದ್ಮೇಲೆ ಅಳತೆ ಯಾಕೆ ಇಳೀತು ಅಂತ ಕೇಳ್ತಾನೆ. ಒಂದೇ ದಿನದಲ್ಲಿ ನಮ್ಮ ಗುಟ್ಟು ಎಲ್ಲ ತಂಡದವರಿಗೂ ಗೊತ್ತಾಗತ್ತೆ. ನಾಳೆ ಅವನ ಮುಂದೆ ಒಂದೇ ಮಾತು ಹೇಳು. ಗಾಳಿ ಒತ್ತೋ ಪಿಸ್ಟನ್ನೇ ತಪ್ಪು ಹಾಕ್ಬಿಟ್ಟೆ ಅಂತ."
"ಹಾಕಿಲ್ವಲ್ಲ ಬಾಸ್."
"ನಿನ್ನ ಬೆಂಚು ನಿಂದೇ ಆಗಿರತ್ತೆ. ಮಾತು ಕೊಡ್ತೀನಿ."
ಹದಿನಾಲ್ಕಕ್ಕೆ ಶಾಲೆ ಬಿಟ್ಟವನು ನಾನು. ಈ ಬೆಂಚು ಬಿಟ್ಟರೆ ಇನ್ನೇನೂ ಬರುವುದಿಲ್ಲ. ಆಗಲಿ ಎಂದೆ.

ಮಾರ್ಚ್ 4
ಹೇಳಿದೆ. ಡೆಕ್ಕರ್ಸ್ ಬಹಳ ಹೊತ್ತು ನನ್ನ ಕೈ ನೋಡಿದರು. "ಇಪ್ಪತ್ತು ವರ್ಷ ಎಂಜಿನ್ ಕಟ್ಟಿದೋನು ನೀನು?" ಎಂಜಿನ್ನಿನ ಮೇಲೆ ಬಳಸಬಾರದೆಂಬ ಕೆಂಪು ಚೀಟಿ ಅಂಟಿಸಿ ಮೂಲೆಗೆ ತಳ್ಳಿಸಿದರು.

ಮಾರ್ಚ್ 6
ನನ್ನ ಬೆಂಚಿನ ಮೇಲೆ ಯಾರೋ ಹೆಂಗಸರ ಹಳೇ ಕನ್ನಡಕ ಇಟ್ಟಿದ್ದರು. ನೆವ್: "ಹಾಕ್ಕೋ ಅಜ್ಜಿ, ಪಿಸ್ಟನ್ ಯಾವ್ದು, ಬಿಸ್ಕತ್ತು ಯಾವ್ದು ಕಾಣತ್ತೆ." ಉಗ್ರಾಣಕ್ಕೆ ಹೋಗಿ ಉಳಿದ ಪಿಸ್ಟನ್‌ಗಳನ್ನು ನೋಡಿ ಬಂದೆ. ಮತ್ತೆ ಹೋದೆ. ನಿಜಕ್ಕೂ ತಪ್ಪು ಹಾಕಿದ್ದೆನೇ? ಇಲ್ಲ. ಇಲ್ಲವೇ?

ಮಾರ್ಚ್ 19
ಎದುರಾಳಿ ತಂಡದವರಿಗೆ ಹೇಗೋ ಈ ಬಿಸಿ ಎಂಜಿನ್ನಿನ ಗುಟ್ಟಿನ ವಾಸನೆ ಹತ್ತಿ ಒಕ್ಕೂಟಕ್ಕೆ ಪ್ರಶ್ನೆ ಹಾಕಿದ್ದಾರೆ. ಇವತ್ತು ಉತ್ತರ ಬಂತು. ತಣ್ಣಗಿದ್ದಾಗಿನ ಅಳತೆಯೇ ಅಳತೆ. ಬಿಸಿಯಲ್ಲಿ ಏನಾದರೂ ಆಗಲಿ, ತಪ್ಪಲ್ಲ! ಎಲ್ಲರೂ ಬಿಯರ್ ಒಡೆದರು. ನಾನೂ ಕುಡಿದೆ. ಡೆಕ್ಕರ್ಸ್ ಬಂದು ನನ್ನ ಎಂಜಿನ್ನನ್ನು ತಣ್ಣಗಿರುವಾಗಲೇ ಅಳೆದರು. ಸರಿಯಾಗಿತ್ತು. ಕೆಂಪು ಚೀಟಿ ಕಿತ್ತರು. ಬದುಕಿದೆ ಅಂದುಕೊಂಡೆ.
ಆಮೇಲೆ ಬಾಸ್ ಕೋಣೆಗೆ ಕರೆಸಿದರು. ಡೆಕ್ಕರ್ಸ್ ಕೂತಿದ್ದರು.
"ಪಿಸ್ಟನ್ ಸರಿಯಾಗೇ ಇದೆ. ಹಾಗಾದ್ರೆ ಇವನು ಅವತ್ತು ನಂಗೆ ಹೇಳಿದ್ದು ಸುಳ್ಳು."
ಬಾಸ್ ನನ್ನ ಕಡೆ ತಿರುಗಿದರು. ಮೊದಲ ಸಲ ಕೇಳುತ್ತಿರುವವರ ಮುಖ. "ನಂಗೂ ಅದೇ ಆಶ್ಚರ್ಯ. ತಪಾಸಣೆಯವರಿಗೆ ಯಾಕೆ ಸುಳ್ಳು ಹೇಳ್ದೆ ಕ್ಲೈವ್?"
"ಬಾಸ್... ನೀವೇ..."
"ನಾನೇ?" ಎಂದರು. ಬಹಳ ಮೆತ್ತಗೆ.
ಎಂಜಿನ್ನಿನಲ್ಲಿ ತಪ್ಪಿಲ್ಲ. ಕಾರ್ಖಾನೆಯಲ್ಲಿ ತಪ್ಪಿಲ್ಲ. ಡೆಕ್ಕರ್ಸ್ ಎದ್ದು ನನಗೆ ಹೇಳಿದರು: "ಇನ್ನು ಮೇಲೆ ಯಾವ ತಂಡದ ಎಂಜಿನ್ನನ್ನೂ ನೀನು ಮುಟ್ಟುವಂತಿಲ್ಲ." ಸಂಜೆ ನನ್ನ ಸ್ಪ್ಯಾನರುಗಳನ್ನು ಹಳೇ ಟವೆಲಿನಲ್ಲಿ ಸುತ್ತಿ ಗೇಟಿಗೆ ತಂದುಕೊಟ್ಟವನು ನೆವ್. ಏನೂ ಗೇಲಿ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 29, ಭಾನುವಾರ
ಟೀವಿಯಲ್ಲಿ ರೇಸ್. ಕಾರಿನಲ್ಲಿರುವುದು ಆ ಎಂಜಿನ್ನೇ. ನಾನು ಕಟ್ಟಿದ್ದು. ಶುರುವಾಗಲು ಇನ್ನೂ ಹೊತ್ತಿದೆ. ನನ್ನ ಬದಲು ಹೋದ ನೆವ್ ಬಿಸಿನೀರು ಹರಿಸುತ್ತಿದ್ದಾನೆ. ಅವನ ಕೈ ಕಾಣುತ್ತಿದೆ. ಕೊಳವೆಯ ಕೊಂಡಿ ಪೂರ್ತಿ ಕೂತಿಲ್ಲ... ಹಾಗೆ ಕಾಣುತ್ತದೆ. ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಜೇಬಿನಿಂದ ತೆಗೆದು ನೋಡಿದ, ನಕ್ಕ, ಪಕ್ಕದವನಿಗೆ ತೋರಿಸಿದ. ಅವನೂ ನಕ್ಕ. ನೀರು ಹೊರಗೆ ಹನಿಯುತ್ತಿದೆ, ಎಂಜಿನ್ ಬಿಸಿಯಾಗದೆ ತಿರುಗಿಸಿದರೆ ಕಚ್ಚಿಕೊಂಡುಬಿಡುತ್ತದೆ. ಯಾರೂ ನೋಡುತ್ತಿಲ್ಲ. ಮತ್ತೆ ಫೋನ್ ಮಾಡುತ್ತಿದ್ದೇನೆ.