ಗಾಜಿನ ಆಚೆ ಬದಿ

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗೀ,

ಅಸ್ಸಲಾಮು ಅಲೈಕುಮ್. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಇದ್ದೇವೆ ಎಂದರೆ ಸುಳ್ಳಾಗುವುದಿಲ್ಲ. ಬರೆದಾಗಲೆಲ್ಲ ನೀನು ಮಸೀದಿಯ ಹೆಂಗಸರ ಕೋಣೆಯ ಫೋಟೋ ಕೇಳುತ್ತಿದ್ದೆ. ನಕ್ಷೆ ಬರೆದವಳಿಗೆ ಕಟ್ಟಡ ನೋಡುವ ಆಸೆ ಇರದೇ ಇರುತ್ತದೆಯೇ? ಪುರುಸೊತ್ತಿರಲಿಲ್ಲ ಎಂದು ನೆಪ ಹೇಳಬಹುದು. ಪುರುಸೊತ್ತು ಇತ್ತು, ಪುರಾಣ ಹೇಳುವ ಮನಸ್ಸಿರಲಿಲ್ಲ. ಕ್ಷಮಿಸು.

ಮೊದಲು ಸಿಹಿ ಸುದ್ದಿ. ಕೋಣೆ ಕಟ್ಟಿದರು. ನೀನು ಮುಖ್ಯರಸ್ತೆಗೆ ಇಟ್ಟಿದ್ದ ಬಾಗಿಲು ಹಿಂದಿನ ಓಣಿಗೆ ಹೋಯಿತು, ಜನರೇಟರ್ ಪಕ್ಕಕ್ಕೆ. ವುಜೂ ಮಾಡುವ ನಲ್ಲಿಗಳ ಮರೆಗೋಡೆ ಸೊಂಟದೆತ್ತರಕ್ಕೇ ನಿಂತಿತು. ನಮಾಜಿಗೆ ಮುಂಚೆ ತೋಳು ಮಡಚಿ, ತಲೆವಸ್ತ್ರ ಸರಿಸಿ ಕೈಕಾಲು ಮುಖ ತೊಳೆಯಬೇಕಲ್ಲ, ಒಬ್ಬರಿಗೊಬ್ಬರು ದುಪಟ್ಟಾ ಹಿಡಿದು ಮರೆಯಾದೆವು. ಆದರೂ ಖುಷಿಗೆ ಕುಣಿಯುವುದೊಂದು ಬಾಕಿಯಿತ್ತು. ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಹೆಂಗಸೊಬ್ಬಳು ಕೂತು ಉಸಿರುಬಿಡಲು, ಹೊತ್ತಾದರೆ ನಮಾಜಿಗೆ ನಿಲ್ಲಲು ನಮಗೆ ಜಾಗವೆಲ್ಲಿತ್ತು? ಸ್ತ್ರೀವಾದದ ಬಗ್ಗೆ ನೀನು ಬರೆದ ಲೇಖನವನ್ನು ಎದುರುಮನೆಯ ಹೊಲಿಗೆಯಕ್ಕ, ನಮ್ಮ ಟೈಲರ್ ಬಾಜಿಗೆ ಓದಿ ಹೇಳಿದ್ದೆ. "ವಾದ ನಿನ್ನ ತಂಗೀನೇ ಇಟ್ಕೊಳ್ಳಲಿ ಕಣೇ, ನಮಗೊಂದು ಬಾಗಿಲು ಕೊಡ್ಸಲಿ ಸಾಕು," ಅಂದಿದ್ದರು. ಬಾಗಿಲು ಬಂತಲ್ಲ.

ಇನ್ನು ನಿನ್ನ ಗಾಜು. ನಡುಗೋಡೆಗೆ ಅದನ್ನು ಕೂರಿಸಿದರೆ ನಮಗೆ ಇಮಾಮರೂ ಸಾಲುಗಳೂ ಕಾಣುತ್ತವೆ, ಆಚೆಯವರಿಗೆ ನಾವು ಕಾಣುವುದಿಲ್ಲ ಎಂದಿದ್ದೆ. ಹೆಂಗಸರ ಕಡೆ ಮಂದ ದೀಪ ಸಾಕು, ಬೆಳಕು ಹೆಚ್ಚಿರುವ ಕಡೆಗೇ ಗಾಜು ಕನ್ನಡಿಯಾಗುತ್ತದೆ ಎಂದು ನಕ್ಷೆಯ ಅಂಚಿನಲ್ಲಿ ಬರೆದೂ ಇದ್ದೆ. ಅಂಚನ್ನು ಯಾರು ಓದುತ್ತಾರೆ? ಅಂಚಿನಲ್ಲಿರುವವರು ಮಾತ್ರ. ಉದ್ಘಾಟನೆಯ ಹೊತ್ತಿಗೆ ಕಮಿಟಿ ಅಧ್ಯಕ್ಷರಿಗೆ ಉದಾರತೆ ಉಕ್ಕಿತು. "ನಮ್ಮ ಹೆಣ್ಣುಮಕ್ಕಳು ಕತ್ತಲಲ್ಲಿ ಯಾಕ್ರೀ ಕೂರಬೇಕು? ಲೈಟ್ ಹಾಕ್ಸಿ, ಧಾರಾಳವಾಗಿ ಹಾಕ್ಸಿ!" ಕೋಣೆ ತುಂಬ ಟ್ಯೂಬ್‌ಲೈಟ್. ಗಂಡಸರ ಕಡೆ ಕಿಟಕಿಗಳಿಗೆ ದಪ್ಪ ಪರದೆ, ತಂಪು ಮಬ್ಬು. ಗಾಜು ತನ್ನ ಧರ್ಮ ಪಾಲಿಸಿತು.

ಮೊದಲ ಶುಕ್ರವಾರ ಹೋಗಿ ನೋಡಿದರೆ ಗೋಡೆಯುದ್ದಕ್ಕೂ ಕನ್ನಡಿ! "ಅಯ್ಯೋ, ಎಷ್ಟು ಚೆಂದ ಮಾಡ್ಸಿದ್ದಾರೆ ನೋಡು," ಎಂದು ಟೈಲರ್ ಬಾಜಿ ಸೆರಗು ಸರಿಮಾಡಿಕೊಂಡರು. ನಮ್ಮಲ್ಲೊಬ್ಬ ಹುಡುಗಿ ಪಿನ್ನು ಕಚ್ಚಿ, ತಲೆವಸ್ತ್ರ ಬಿಚ್ಚಿ, ಕೂದಲು ಬಾಚಿ, ತನಗೆ ತಾನೇ ನಾಲಗೆ ಚಾಚಿ ನಕ್ಕಳು. ಆಚೆ ಬದಿಯಲ್ಲಿ ಗಂಡಸರೆಲ್ಲ ಕೂತು ನೋಡುತ್ತಿದ್ದರೆಂದು ನಮಗೆ ತಿಳಿದದ್ದು ನಮಾಜು ಮುಗಿದ ಮೇಲೆ, ಓಣಿಯಲ್ಲಿ ಕೇಳಿದ ನಗೆಯಿಂದ. ಅಷ್ಟು ಜನರಲ್ಲಿ ಒಬ್ಬರೂ ಎದ್ದು ಬಂದು ಬಾಗಿಲು ತಟ್ಟಿರಲಿಲ್ಲ.

ನಾನು ಅಧ್ಯಕ್ಷರ ಬಳಿ ಹೋದೆ. "ಸಾಹೇಬ್ರೇ, ನಮ್ಮ ಕಡೆ ಲೈಟ್ ಆರ್ಸಿ, ನಿಮ್ಮ ಕಡೆ ಪರದೆ ಸರ್ಸಿ. ಅಷ್ಟೇ, ಎಲ್ಲ ಸರಿಹೋಗುತ್ತೆ."

"ಗಾಜಿಂದೇನೂ ತಪ್ಪಿಲ್ಲಮ್ಮಾ. ಹುಡುಗೀರು ಬಂದು ತಲೆ ಬಿಚ್ಚಿದ್ದು ತಪ್ಪು. ಇದಕ್ಕೇ ಹಿರಿಯರು ಹೆಂಗಸರಿಗೆ ಮಸೀದಿ ಬೇಡ ಅಂದಿದ್ದು."

ಸ್ವಿಚ್ಚು ಅವರ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಮುಂದಿನ ವಾರ ಗಾಜಿಗೆ ಕಪ್ಪು ಬಳಿಸಿದರು. ಗಾಜಿಗೆ ಬಣ್ಣ, ನಮ್ಮ ಕಣ್ಣಿಗೆ ಸುಣ್ಣ. ಇಮಾಮರು ಕಾಣದೆ, ಜನರೇಟರ್ ಗದ್ದಲದಲ್ಲಿ ಸ್ಪೀಕರ್ ಕೇಳದೆ, ಅರ್ಧ ಜನ ಬಾಗಿದ್ದರೆ ಅರ್ಧ ಜನ ನಿಂತೇ ಇರುತ್ತಿದ್ದೆವು. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೊನೆಗುಳಿದವರು ಬಾಜಿ ಮತ್ತು ನಾನು. ಆಮೇಲೆ ಬಾಜಿಯೂ, "ಇಷ್ಟು ಕತ್ತಲು ನನ್ನ ಮನೇಲೇ ಇದೆ ಕಣೇ, ಅದಕ್ಕೆ ಬಾಡಿಗೆ ಬೇರೆ ಕೊಡ್ತೀನಿ," ಎಂದು ಬರುವುದು ನಿಲ್ಲಿಸಿಬಿಟ್ಟರು. ಈಗ ಹೆಂಗಸರೇ ಬರುವುದಿಲ್ಲ ಎಂಬ ಕಾರಣಕ್ಕೆ ಕೋಣೆಗೆ ಬೀಗ. ಒಳಗೆ ಹಳೆಯ ಜಮಖಾನ, ಮುರಿದ ಕುರ್ಚಿ. "ಕಟ್ಟಿಸಿ ಕೊಟ್ವಿ, ಉಳಿಸ್ಕೊಳ್ಳಲಿಲ್ಲ," ಎಂದು ಅಧ್ಯಕ್ಷರು ಸಿಕ್ಕಸಿಕ್ಕವರ ಮುಂದೆ ಮರುಗುತ್ತಾರೆ. ಬೀಗದ ಫೋಟೋ ಬೇಕಿದ್ದರೆ ಹೇಳು, ಚೆನ್ನಾಗಿ ಬರುತ್ತದೆ.

ರಜೆ ಹಾಕಿ ಬಂದು ಜಗಳ ಆಡುತ್ತೇನೆ ಎನ್ನಬೇಡ. ನಿನ್ನ ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಆದರೆ ಜಗಳಕ್ಕೆ ಜೊತೆ ನಿಲ್ಲುವವರು ಇಲ್ಲಿ ಯಾರೂ ಉಳಿದಿಲ್ಲ, ನನ್ನನ್ನೂ ಸೇರಿಸಿ. ಹೊತ್ತಿಗೆ ಸರಿಯಾಗಿ ಉಣ್ಣು, ಬಗ್ಗಿ ಕೂತು ಬೆನ್ನು ಕೆಡಿಸಿಕೊಳ್ಳಬೇಡ. ನೀನು ಬರೆದ ಬಾಗಿಲುಗಳು ಬೇರೆಲ್ಲಾದರೂ ಬರೆದ ಜಾಗದಲ್ಲೇ ತೆರೆಯಲಿ, ಅಲ್ಲಾಹು ನಿನ್ನನ್ನು ಕಾಯಲಿ.

ನಿನ್ನ
ಆಪಾ

ತಾ.ಕ.: ಅಂದು ತಲೆವಸ್ತ್ರ ಬಿಚ್ಚಿದ ಹುಡುಗಿ ನನ್ನ ಮಗಳೇ. ನಿನ್ನ ಭಾವ ಆಚೆ ಬದಿ ಎರಡನೇ ಸಾಲಿನಲ್ಲಿದ್ದರು. ಪಕ್ಕದವರು ನಗುತ್ತಾ, "ಯಾರ ಮಗಳ್ರೀ ಇದು?" ಎಂದು ಕೇಳಿದರಂತೆ. ಇವರು, "ಗೊತ್ತಿಲ್ಲ," ಎಂದರಂತೆ. ಅಡುಗೆಮನೆಗೆ ಬಂದು ಇದನ್ನು ಅವರೇ ನನಗೆ ಹೇಳಿ, "ಇನ್ನೇನ್ ಹೇಳ್ಬೇಕಿತ್ತು ನಾನು?" ಎಂದರು. ಬಾಗಿಲ ಹಿಂದೆ ಅವಳು ನಿಂತಿದ್ದಳು. ಮನೆಯಲ್ಲಿ ಜಗಳವೇನೂ ಇಲ್ಲ. ಅವಳು ಓದುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಒಮ್ಮೊಮ್ಮೆ ನಗುವುದೂ ಉಂಟು. ಊಟಕ್ಕೆ ಅಬ್ಬಾನ್ನ ಕರಿ ಎಂದರೆ ಮಾತ್ರ, ತಲೆ ಎತ್ತದೆ, "ಯಾರನ್ನ?" ಎನ್ನುತ್ತಾಳೆ.